ಬೇಲಿಗೆ ಕರೆಂಟು

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಕೇಳುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ಆನೆ ಬಾಳೆ ಮುರಿಯುತ್ತದೆ, ಹಂದಿ ಅಡಿಕೆ ಸಸಿಯ ಬುಡ ಅಗೆಯುತ್ತದೆ. ಪಂಪಿನ ಲೈನಿನಿಂದಲೇ ಬೇಲಿಗೊಂದು ವಯರು ಎಳೆದರೆ ಏನಾಗುತ್ತದೆ?

ಹೆಣ ಬೀಳುತ್ತದೆ. ಅದು ಹಂದಿಯದೇ ಆಗಬೇಕೆಂದಿಲ್ಲ, ನಸುಕಿನಲ್ಲಿ ಸೊಸೈಟಿಗೆ ಹಾಲು ಒಯ್ಯುವ ನೆರೆಯವರದೂ ಆಗಬಹುದು. ಲೈನಿನ ಕರೆಂಟು ಎಡೆಬಿಡದೆ ಹರಿಯುತ್ತದೆ. ಹಿಡಿದ ಕೈ ಬಿಗಿದುಕೊಳ್ಳುತ್ತದೆ, ಬಿಡೋಣವೆಂದರೂ ಬಿಡಲಾಗದು. ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇದೆ ನಿಜ, ಆದರೆ ಸುಮಾರು ಸೆಕೆಂಡಿಗೊಮ್ಮೆ, ಅದೂ ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು. ಬೇಲಿಗೆ ಕರೆಂಟು ಕೊಡುವ ಪೆಟ್ಟಿಗೆಯ ಬಳಿ ನಿಂತರೆ ಟಕ್, ಟಕ್ ಎಂದು ಕೇಳುತ್ತದಲ್ಲ, ಆ ಎರಡು ಟಕ್ಕಿನ ನಡುವೆ ಪ್ರಾಣಿ ಹಿಂದೆ ಹಾರುತ್ತದೆ. ಜೀವ ಉಳಿಯುವುದು ಆ ಬಿಡುವಿನಲ್ಲಿ. ನನ್ನ ಬೇಲಿಯನ್ನು ನಾನೇ ಎರಡು ಸಲ ಮುಟ್ಟಿದ್ದೇನೆ, ಮೂರನೆಯದು ಬೇಡ.

"ಸೋಲಾರ್ ಹಾಕಿಯೂ ಹಂದಿ ನುಗ್ಗಿತು" ಎನ್ನುವವರು ಅರ್ತಿಂಗ್ ನೋಡಿದ್ದೀರಾ? ಕರೆಂಟು ತಂತಿಯಿಂದ ಪ್ರಾಣಿಯ ಮೈಗೆ, ಮೈಯಿಂದ ನೆಲಕ್ಕೆ, ನೆಲದಿಂದ ಅರ್ತಿಂಗ್ ರಾಡಿಗೆ, ಅಲ್ಲಿಂದ ಪೆಟ್ಟಿಗೆಗೆ ಮರಳಬೇಕು. ನಮ್ಮದು ಮುರಕಲ್ಲಿನ ನೆಲ. ಏಪ್ರಿಲಿಗೆ ಒಣಗಿದರೆ ದಾರಿ ಬಂದ್. ನನ್ನ ತೋಟಕ್ಕೆ ಬೇಲಿ ಹಾಕಿದವರು ರಾಡನ್ನು ಒಂದಡಿ ಊರಿ ಹೋಗಿದ್ದರು. ಆ ಬೇಸಿಗೆಯಿಡೀ ಹಂದಿಗಳು ತಂತಿಗೆ ಬೆನ್ನು ತಿಕ್ಕಿಕೊಂಡೇ ಒಳಬಂದವು. ರಾಡನ್ನು ಆಳಕ್ಕೆ ಊರಿ, ಪಾತ್ರೆ ತೊಳೆದ ನೀರನ್ನು ಅದರ ಬುಡಕ್ಕೇ ಬಿಡಿ. ಮಳೆಗಾಲದ ತೊಂದರೆ ಬೇರೆ. ತಂತಿಗೆ ಹಬ್ಬಿದ ಬಳ್ಳಿ, ಮೇಲೆ ಬಿದ್ದ ಸೋಗೆ ಕರೆಂಟನ್ನು ನೆಲಕ್ಕೆ ಸೋರಿಸುತ್ತವೆ. ಆಟಿ ತಿಂಗಳಲ್ಲಿ ವಾರಕ್ಕೊಮ್ಮೆ ಕತ್ತಿ ಹಿಡಿದು ಬೇಲಿ ಸುತ್ತಿ. ಬರೆದುಕೊಳ್ಳಿ: ಬೇಸಿಗೆಗೆ ನೀರು, ಮಳೆಗಾಲಕ್ಕೆ ಕತ್ತಿ.

ಪತ್ರಗಳಲ್ಲಿ ಬರುವ ಇನ್ನೊಂದು ಮಾತು: "ಫಾರೆಸ್ಟಿನವರು ರಾತ್ರಿ ಲಾರಿಯಲ್ಲಿ ಚಿರತೆ ತಂದು ಬಿಡುತ್ತಾರೆ." ಇದನ್ನು ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೆ! ಚಿರತೆ ನಮ್ಮ ಗುಡ್ಡೆಯ ಪೊದೆಗಳಲ್ಲೇ ಇದೆ. ಅದನ್ನು ಅಂಗಳಕ್ಕೆ ಕರೆಯುವುದು ರಾತ್ರಿ ಹೊರಗೆ ಬಿಟ್ಟ ನಾಯಿ. ಇನ್ನು ಹಂದಿಗೆಂದು ನೀವು ಕ್ಲಚ್ ಕೇಬಲಿನ ಉರುಳು ಇಡುತ್ತೀರಿ. ಎಳೆದಷ್ಟೂ ಬಿಗಿಯುವ ಅದು ಚಿರತೆಯ ಸೊಂಟಕ್ಕೂ ಬೀಳುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉರುಳು ಇಡುವುದೂ ಬೇಟೆಯೇ. ಚಿರತೆ ಸಿಕ್ಕಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು.

ಕುದುರೆಮುಖದ ಕಾಡು ಯಾರಿಗೆ ಬೇಕು ಎಂದು ಈ ಪ್ರಾಣಿಗಳ ಕಾಟಕ್ಕೆ ಬೇಸತ್ತ ಒಬ್ಬರು ಸಿಟ್ಟಿನಿಂದ ಬರೆದಿದ್ದಾರೆ. 1987ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನೇತ್ರಾವತಿ ಇಳಿದು ಬರುವುದು ಆ ಬೆಟ್ಟಗಳಿಂದ. ತುಂಬೆಯಲ್ಲಿ ತಡೆದು ಮಂಗಳೂರಿಗೆ ಕುಡಿಸುವುದು ಆ ಹೊಳೆಯ ನೀರನ್ನು, ಹೊಳೆಬದಿಯ ತೋಟದ ಪಂಪುಗಳು ಎತ್ತುವುದೂ ಅದನ್ನೇ.

ಹೊತ್ತು ಮೀರುತ್ತಿದೆ. ಬೆಳೆ ಹೋದರೆ ಬಾಳೆ ಕಡಿದು ಸ್ವಚ್ಛ ಮಾಡುವ ಮೊದಲು ಫೋಟೋ ತೆಗೆಯಿರಿ. ಆರ್‌ಟಿಸಿ ಜತೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಬೇಲಿಯ ಸಹಾಯಧನವನ್ನೂ ಅಲ್ಲೇ ವಿಚಾರಿಸಿ. ಇನ್ನು ಮಂಗಗಳು: ಮರದಿಂದ ಮರಕ್ಕೆ ಹಾರುವ ಅವಕ್ಕೆ ಬೇಲಿ ಲೆಕ್ಕಕ್ಕಿಲ್ಲ, ಅವುಗಳ ವಿಷಯಕ್ಕೆ ಇನ್ನೊಂದು ದಿನವೇ ಬೇಕು.