ಗಡಿ ದಾಟಿದ ತೀರ್ಪು



‘ಪರದೇಶಿ’ ಎಂಬ ಮಾತಿಗೆ ನಮ್ಮ ಜನರಲ್ಲಿ ಎರಡರ್ಥಗಳಿವೆ: ಹೊರನಾಡಿನವನು ಎಂಬುದೊಂದು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ಒಂದು ನ್ಯಾಯಾಲಯದ ತೀರ್ಪು ತನ್ನ ಗಡಿ ದಾಟಿದೊಡನೆ ಈ ಎರಡನೆಯ ಅರ್ಥದಲ್ಲಿಯೂ ಪರದೇಶಿಯಾಗುವುದೇ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು.

ವಿದೇಶವೆಂದರೆ ಕಡಲಾಚೆಯದೇ ಆಗಬೇಕಿಲ್ಲ. ತಾಂಡ್ಯ, ನಂಜನಗೂಡು, ತಿರುಮಕೂಡಲು ನರಸೀಪುರಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ನೆರೆಯ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಅದು ಮೈಸೂರನ್ನು ಸೇರಿತು. ಭಾಷೆ ಒಂದು, ಕಾವೇರಿ ಒಂದು, ಬೀಗತನ ಎರಡೂ ಕಡೆ. ಆದರೂ ಸಂಸ್ಥಾನದ ಕಾಲದಲ್ಲಿ ಮೈಸೂರಿನ ಕೋರ್ಟು ಬ್ರಿಟಿಷ್ ಇಂಡಿಯಾದ ಕಣ್ಣಿಗೆ ವಿದೇಶೀ ಕೋರ್ಟೇ.

ಬೆಂಗಳೂರಿನ ಗುತ್ತಿಗೆದಾರರೊಬ್ಬರು 1942ರಲ್ಲಿ ಉಯಿಲು ಬರೆದಿಟ್ಟು ತೀರಿಕೊಂಡರು. ಆಸ್ತಿ ಮೈಸೂರಿನಲ್ಲಿಯೂ ಇತ್ತು, ಮದರಾಸಿನಲ್ಲಿಯೂ ಇತ್ತು. ಇದು ಅವಿಭಕ್ತ ಕುಟುಂಬದ ಸ್ವತ್ತು ಎಂದು ಮಕ್ಕಳು ವ್ಯಾಜ್ಯ ಹೂಡಿದರು. ಮೈಸೂರು ಹೈಕೋರ್ಟಿನ ತೀರ್ಪಿಗೆ ಗಡಿಯಾಚೆ ಎಷ್ಟು ಬೆಲೆ? ವಿಶ್ವನಾಥನ್ ವಿರುದ್ಧ ರುಕ್ನುಲ್ ಮುಲ್ಕ್ ಸಯ್ಯದ್ ಅಬ್ದುಲ್ ವಾಜಿದ್ ಎಂಬ ಈ ಮೊಕದ್ದಮೆಯಲ್ಲಿ 1962ರಲ್ಲಿ ಸುಪ್ರೀಂ ಕೋರ್ಟು ಎರಡು ತತ್ತ್ವಗಳನ್ನು ಸ್ಪಷ್ಟಪಡಿಸಿತು. ವಿದೇಶೀ ತೀರ್ಪಿನ ಸರಿತಪ್ಪುಗಳನ್ನು ಮೇಲ್ಮನವಿಯಂತೆ ತೂಗಲಾಗದು. ವಿಚಾರಣೆಯ ಕ್ರಮ ನ್ಯಾಯವಾಗಿತ್ತೇ ಎಂಬುದನ್ನಷ್ಟೇ ನೋಡಬೇಕು. ಆದರೆ ಮದರಾಸಿನ ಸ್ಥಿರಾಸ್ತಿಯ ಹಕ್ಕನ್ನು ನಿರ್ಣಯಿಸುವ ಅಧಿಕಾರ ಮೈಸೂರಿನ ಕೋರ್ಟಿಗಿರಲಿಲ್ಲ. ನೆಲ ಎಲ್ಲಿಯೋ ನ್ಯಾಯ ಅಲ್ಲಿಯದು.

ಇದಕ್ಕೆ ಆಧಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಕಲಮು. ವಿದೇಶೀ ತೀರ್ಪನ್ನು ಅದು ಸಾಮಾನ್ಯವಾಗಿ ಮನ್ನಿಸುತ್ತದೆ. ಆರು ಸಂದರ್ಭಗಳಲ್ಲಿ ಮಾತ್ರ ತಳ್ಳಿಹಾಕುತ್ತದೆ. ಕೊಟ್ಟ ಕೋರ್ಟಿಗೆ ಅಧಿಕಾರವಿಲ್ಲದಿದ್ದರೆ, ವ್ಯಾಜ್ಯದ ತಿರುಳನ್ನು ವಿಚಾರಿಸದಿದ್ದರೆ, ಅಂತಾರಾಷ್ಟ್ರೀಯ ನ್ಯಾಯವನ್ನು ತಪ್ಪಾಗಿ ಗ್ರಹಿಸಿದ್ದರೆ ಅಥವಾ ಅನ್ವಯಿಸಬೇಕಾದ ಭಾರತದ ಕಾನೂನನ್ನು ಅಲ್ಲಗಳೆದಿದ್ದರೆ, ಸಹಜ ನ್ಯಾಯಕ್ಕೆ ವಿರುದ್ಧವಾಗಿದ್ದರೆ, ಮೋಸದಿಂದ ಪಡೆದಿದ್ದರೆ, ಭಾರತದ ಕಾನೂನನ್ನು ಮುರಿದ ಹಕ್ಕೊತ್ತಾಯವನ್ನು ಎತ್ತಿಹಿಡಿದಿದ್ದರೆ ಅದು ಇಲ್ಲಿ ನಿಲ್ಲದು.

ಈ ಆರು ಬಾಗಿಲುಗಳ ಮಹತ್ತ್ವ ನೆಲಕ್ಕಿಂತ ಬಾಳಿನ ವಿಷಯದಲ್ಲಿ ಹೆಚ್ಚು. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ಒಬ್ಬಾತ ಅಮೆರಿಕದ ಮಿಸ್ಸೌರಿ ರಾಜ್ಯದ ಕೋರ್ಟಿನಲ್ಲಿ ವಿಚ್ಛೇದನ ಪಡೆದ. ಹೆಂಡತಿ ಅಲ್ಲಿಗೆ ಹೋಗಿರಲಿಲ್ಲ. ಆಕ್ಷೇಪಣೆಯನ್ನು ಬರೆದು ಕಳಿಸಿದ್ದಳು. ದಾಂಪತ್ಯ ಸರಿಪಡಿಸಲಾಗದಂತೆ ಮುರಿದಿದೆ ಎಂಬುದು ಆ ತೀರ್ಪಿನ ಕಾರಣ. ಹಿಂದೂ ವಿವಾಹ ಅಧಿನಿಯಮದಲ್ಲಿ ಆ ಕಾರಣವಿಲ್ಲ. ನರಸಿಂಹರಾವ್ ವಿರುದ್ಧ ವೆಂಕಟಲಕ್ಷ್ಮಿ ಎಂಬ ಈ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಮಾನ್ಯಮಾಡಲಿಲ್ಲ. ಯಾವ ಕಾನೂನಿನಡಿ ಮದುವೆಯಾಯಿತೋ ಅದೇ ಕಾನೂನು ಒಪ್ಪುವ ಕೋರ್ಟು, ಅದೇ ಕಾನೂನು ಒಪ್ಪುವ ಕಾರಣ ಬೇಕೆಂಬುದು ಸಾಮಾನ್ಯ ನಿಯಮವಾಯಿತು. ಆದರೆ ಎದುರುಪಕ್ಷ ತಾನಾಗಿ ಒಪ್ಪಿದರೆ ಮಾತು ಬೇರೆ.

ಆ ಕಡೆಯ ಮಾತಿನಲ್ಲಿಯೇ ಎಚ್ಚರಿಕೆಯಿದೆ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಇಂದು ಸಾಗರ ದಾಟಿ ಸಂಸಾರ ಹೂಡುತ್ತಿದ್ದಾರೆ. ಹೊರನಾಡಿನ ಕೋರ್ಟಿನ ಕಾಗದ ಮನೆಗೆ ಬಂದಾಗ ಹೆದರಿ ಸಹಿ ಮಾಡುವುದೂ ಸಲ್ಲ, ತೆರೆಯದೆ ಮಾಡಿನಲ್ಲಿ ಸಿಕ್ಕಿಸುವುದೂ ಸಲ್ಲ. ಬಲ್ಲ ವಕೀಲರಿಗೆ ತೋರಿಸಿ, ಹೇಳಬೇಕಾದುದನ್ನು ಕಾಲಮಿತಿಯೊಳಗೆ ಹೇಳಬೇಕು. ಹೊರನಾಡಿನ ತೀರ್ಪನ್ನು ಗೌರವಿಸುವ ಕಾನೂನೇ ಇಲ್ಲಿಯ ಹೆಣ್ಣುಮಗಳು ಪರದೇಶಿಯಾಗದಂತೆಯೂ ಕಾಯುತ್ತದೆ. ಕೇಳುವವರು ಮಾತ್ರ ಕೇಳಬೇಕು.