ಎಣ್ಣೆಯೊಳಗೆ ಎದ್ದು ನಿಲ್ಲುವ ಪುಡಿ

ಗುರುಮಠಕಲ್ ಸೀಮೆಯದು ಗ್ರಾನೈಟ್ ನೆಲ. ಇಂಥ ನೆಲದ ಹಳ್ಳಗಳಲ್ಲಿ ಮಳೆ ಹೋದ ಮೇಲೆ ಮರಳಿನಲ್ಲಿ ಕಪ್ಪು ಎಳೆಗಳು ಉಳಿಯುತ್ತವೆ. ಬಂಡೆ ಸವೆದು ಬಂದ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಅದು. ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದರೆ ಕಾಳಿಗೆ ಕಾಳು ಅಂಟಿ ಮೀಸೆಯಂತೆ ನಿಲ್ಲುತ್ತದೆ. ಪ್ರತಿ ಕಾಳೂ ತಾತ್ಕಾಲಿಕ ಅಯಸ್ಕಾಂತವಾಗುತ್ತದೆ. ತುದಿಗೆ ತುದಿ ಸೇರಿದವು ಸೆಳೆದುಕೊಳ್ಳುತ್ತವೆ, ಪಕ್ಕಪಕ್ಕದವು ದೂಡಿಕೊಳ್ಳುತ್ತವೆ. ಸರಪಳಿ ಹುಟ್ಟುವುದು ಹೀಗೆ.

ಕಬ್ಬಿಣವಲ್ಲದ ಪುಡಿಯೂ ಹೀಗೆ ಸಾಲುಗಟ್ಟಬಲ್ಲದು ಎಂದು ತೋರಿಸಿದವರು ಅಮೆರಿಕದ ವಿನ್ಸ್ಲೋ. 1947ರ ಅವರ ಪೇಟೆಂಟಿನಲ್ಲಿ ಗಂಜಿಪುಡಿ, ಹಿಟ್ಟು, ಜಿಪ್ಸಂ, ಸುಣ್ಣದಕಲ್ಲು ಬರುತ್ತವೆ. ಸೇಡಂ, ಶಹಾಬಾದಿನವರು ದಿನವೂ ತುಳಿಯುವ ಕಲ್ಲು! ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಎರಡು ಲೋಹದ ತಗಡುಗಳ ನಡುವೆ ಹೆಚ್ಚಿನ ವೋಲ್ಟೇಜ್ ಕೊಟ್ಟರೆ ಕಣದೊಳಗಿನ ವಿದ್ಯುದಂಶಗಳು ತುಸು ಸರಿದು, ಕಣಕ್ಕೆ ಎರಡು ತುದಿ ಬರುತ್ತವೆ. ತಗಡಿನಿಂದ ತಗಡಿಗೆ ನೂಲು ಎಳೆದಂತಾಗಿ ಎಣ್ಣೆ ಬಿಗಿಯುತ್ತದೆ. ವಿದ್ಯುತ್ ತೆಗೆದೊಡನೆ ಮತ್ತೆ ಹರಿಯುತ್ತದೆ. 1949ರಲ್ಲಿ ಅವರು ಇದನ್ನು ವಿವರವಾಗಿ ಬರೆದರು.

ಮನೆಯಲ್ಲೇ ನೋಡಬಹುದು. ಕಾರ್ನ್‌ಫ್ಲೋರನ್ನು ಕುಸುಬಿ ಎಣ್ಣೆಯಲ್ಲಿ ತೆಳ್ಳಗೆ ಕಲಸಿ ಚಮಚದಿಂದ ಸುರಿಯಿರಿ; ಒಣಗೂದಲಿಗೆ ಉಜ್ಜಿದ ಬಲೂನನ್ನು ಹತ್ತಿರ ತನ್ನಿ. ಧಾರೆ ಬಲೂನಿನತ್ತ ಬಾಗಿ, ದಪ್ಪಗಾಗಿ ತಡವರಿಸುತ್ತದೆ. ನಮ್ಮ ಬೇಸಿಗೆಯ ಒಣಹವೆಗೆ ಹೇಳಿಮಾಡಿಸಿದ ಪ್ರಯೋಗ.

1948ರಲ್ಲಿ ಜೇಕಬ್ ರಾಬಿನೋ ಎಂಬ ಎಂಜಿನಿಯರ್ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಬಳಸಿ ಅಯಸ್ಕಾಂತದ ಕ್ಲಚ್ ಮಾಡಿದರು. ಅದೇ ವರ್ಷ ಬೆಂಗಳೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಶುರುವಾಯಿತು. ಪುಡಿಯಷ್ಟೇ ಅಲ್ಲ, ಅಣುಗಳೂ ಸಾಲುಗಟ್ಟಬಲ್ಲವು: ಅಲ್ಲಿ 1977ರಲ್ಲಿ ಎಸ್. ಚಂದ್ರಶೇಖರ್, ಸದಾಶಿವ, ಸುರೇಶ್ ಅವರು ತಟ್ಟೆಯಾಕಾರದ ಅಣುಗಳು ವಿದ್ಯುತ್ತಿನ ಅಥವಾ ಅಯಸ್ಕಾಂತದ ಒತ್ತಾಸೆಯಿಲ್ಲದೆ ಒಂದರ ಮೇಲೊಂದು ಕೂತು ಕಂಬವಾಗುವುದನ್ನು ಕಂಡರು. ಜಗತ್ತೇ ತಿರುಗಿ ನೋಡಿದ ಕೆಲಸವದು.

ವಿನ್ಸ್ಲೋ ಎಣ್ಣೆಯಲ್ಲಿನ ಸರಪಳಿಗಳೂ ಒಂಟಿಯಾಗಿ ನಿಲ್ಲುವುದಿಲ್ಲ, ಒಗ್ಗೂಡಿ ಕಂಬಗಳಾಗುತ್ತವೆ. ಆ ಕಂಬಗಳೊಳಗೆ ಕಣಗಳು ಸ್ಫಟಿಕದಂತೆ ಅಚ್ಚುಕಟ್ಟಾಗಿ ಕೂರುತ್ತವೆ ಎಂದು 1991ರಲ್ಲಿ ಟಾವ್ ಮತ್ತು ಸುನ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದರು. ಲೇಸರ್ ಬೆಳಕು ಹಾಯಿಸಿದಾಗ ಅದು ನಿಜವೆಂದು ತಿಳಿಯಿತು.

ಪುಡಿ ತಳ ಹಿಡಿಯುವುದೇ ಈ ದ್ರವಗಳ ಹಳೆಯ ಕಾಟ. ಆದರೂ ರಾಬಿನೋ ದಾರಿಯ ಎಣ್ಣೆ 2002ರಲ್ಲಿ ಕ್ಯಾಡಿಲಾಕ್ ಕಾರಿನ ಶಾಕ್ ಅಬ್ಸಾರ್ಬರ್ ಸೇರಿತು. ಅಲ್ಲಿ ರಸ್ತೆಯ ಕುಲುಕಾಟಕ್ಕೆ ತಕ್ಕಂತೆ ಅದು ಕೆಲವೇ ಮಿಲಿಸೆಕೆಂಡಿನಲ್ಲಿ ಬಿಗಿದು ಸಡಿಲಾಗುತ್ತದೆ.