ಟಿವಿ, ಸಿನಿಮಾ ಕಲಿಯುವ ಮಕ್ಕಳಿಗೂ ವಿದ್ಯಾರ್ಥಿವೇತನ

(ವಾರ್ಷಿಕ ಸಭೆಯಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ)



ಟಿವಿ, ಸಿನಿಮಾ ಓದಿದರೆ ಹೊಟ್ಟೆ ತುಂಬೀತೇ ಎಂದು ಪೋಷಕರು ನಮ್ಮನ್ನು ಕೇಳುತ್ತಾರೆ. ನಿರ್ದೇಶಕ ಕಬೀರ್ ಖಾನ್ ಅವರು ನಡೆದ ದಾರಿಯನ್ನು ನೋಡಿ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ ಕಲಿತ ಅವರು ಮೊದಲು ಟಿವಿಗಾಗಿ ಸಾಕ್ಷ್ಯಚಿತ್ರಗಳಲ್ಲಿ ದುಡಿದರು. ಆ ಕೆಲಸ ಅವರನ್ನು ಅಫ್ಘಾನಿಸ್ತಾನಕ್ಕೂ ಕರೆದೊಯ್ದಿತು. ಅಲ್ಲಿನ ಅನುಭವದಿಂದಲೇ 2006ರಲ್ಲಿ ‘ಕಾಬೂಲ್ ಎಕ್ಸ್‌ಪ್ರೆಸ್’ ಬಂತು. ಮೊದಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಟಿವಿಯಲ್ಲಿ ದುಡಿದ ವರ್ಷಗಳೇ ಸಿನಿಮಾಕ್ಕೆ ಬಂಡವಾಳವಾದವು.

ನಮ್ಮನ್ನು ತೆರೆಯ ಮೇಲೆ ತಪ್ಪಾಗಿ ತೋರಿಸುತ್ತಾರೆಂದು ಕೊರಗಿದರೆ ಸಾಲದು. ಸರಿಯಾಗಿ ತೋರಿಸಬಲ್ಲ ಮಕ್ಕಳನ್ನು ಓದಿಸಬೇಕು. ಆದ್ದರಿಂದ ಪತ್ರಿಕೋದ್ಯಮ, ಛಾಯಾಗ್ರಹಣ, ಸಂಕಲನ ಕಲಿಯುವ ಹೆಣ್ಣು-ಗಂಡು ಮಕ್ಕಳೂ ಈ ಸಲ ಅರ್ಜಿ ಹಾಕಬಹುದು. ಹೆತ್ತವರು ತಡೆಯಬೇಡಿ, ದಾನಿಗಳು ಕೈಜೋಡಿಸಿ. ಅಲ್ಲಾಹನು ನಮ್ಮ ಮಕ್ಕಳ ಶ್ರಮವನ್ನು ಸ್ವೀಕರಿಸಲಿ.